ಕೊಯಮತ್ತೂರಿನಲ್ಲಿ ರೈತರ ಸಂತೆ ಹುಡುಕುವುದು, ಹೋಲಿಸುವುದು: ಎರಡು ಹೊಟ್ಟೆಯ ಲೆಕ್ಕ

"ಪರಂಗಿ ಕೊಡಿ" ಎಂದೆ. ಆಕೆ ಸಿಹಿಗುಂಬಳದ ದೊಡ್ಡದೊಂದು ಹೋಳು ಕತ್ತರಿಸಿ ತಕ್ಕಡಿಗೆ ಹಾಕಿದಳು. "ಅದಲ್ಲಮ್ಮಾ, ಪರಂಗಿ" ಎಂದು ಇನ್ನೊಮ್ಮೆ ಹೇಳಿದೆ. "ಇದುದಾನ್ ಪರಂಗಿ" ಎಂದು ಆಕೆಯೂ ಇನ್ನೊಮ್ಮೆ ಹೇಳಿದಳು. ಹಿಂದೆ ನಿಂತವರು ನಕ್ಕರು. ತಮಿಳಿನಲ್ಲಿ ಪರಂಗಿಕ್ಕಾಯ್ ಎಂದರೆ ಸಿಹಿಗುಂಬಳ. ನಮ್ಮ ಪರಂಗಿ ಹಣ್ಣು ಅವರ ಬಾಯಲ್ಲಿ ಪಪ್ಪಾಳಿ. ಕತ್ತರಿಸಿದ ಮೇಲೆ ಬೇಡ ಅನ್ನಲಾಗುತ್ತದೆಯೇ? ಎರಡು ಕೆಜಿ ಕುಂಬಳ ಹೊತ್ತು ಮನೆಗೆ ಬಂದೆ. ಮನೆಯಲ್ಲಿ ಇರುವುದು ನಾವಿಬ್ಬರೇ. ಒಂದು ದಿನ ಹುಳಿ, ಒಂದು ದಿನ ಪಲ್ಯ, ಒಂದು ದಿನ ದೋಸೆ ಹಿಟ್ಟಿಗೆ ತುರಿದದ್ದು. ಐದನೇ ದಿನ ನಮ್ಮನೆಯವರು ಪಾತ್ರೆಯ ಮುಚ್ಚಳ ತೆಗೆದು ನೋಡಿದ ಮೇಲೇ ಊಟಕ್ಕೆ ಕೂತರು.

ಇದು 2019ರ ಮಾತು. ಮೈಸೂರಿನ ಕುವೆಂಪುನಗರದ ಮನೆ ಬಾಡಿಗೆಗೆ ಕೊಟ್ಟು, ಮಗಳು ಕೆಲಸ ಮಾಡುವ ಕೊಯಮತ್ತೂರಿಗೆ ಬಂದ ಹೊಸದು. ಊರಾಚೆ, ವಡವಳ್ಳಿ ದಾಟಿ ತೊಂಡಾಮುತ್ತೂರು ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಿರಿಯರ ವಸತಿ ಇದೆ. ಈ ಊರಿನ ಸುತ್ತ ಇಂಥ ವಸತಿಗಳು ತುಂಬ. ಪಾಲಕ್ಕಾಡಿನ ಕಣಿವೆಯಿಂದ ಬರುವ ಗಾಳಿ, ಒಳ್ಳೆಯ ಆಸ್ಪತ್ರೆಗಳು, ಹತ್ತಿರದಲ್ಲೇ ಬೆಟ್ಟ. ಕನ್ನಡದವರೂ ಸಾಕಷ್ಟು ಜನ ಬಂದು ನೆಲೆಸಿದ್ದಾರೆ. ಈಚೆಗೆ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಡಾಕ್ಟರ್ ಬಗ್ಗೆ. ಎರಡನೆಯದು, "ತರಕಾರಿ ಎಲ್ಲಿಂದ ತರ್ತೀರಿ?" ಡಾಕ್ಟರ್ ವಿಚಾರ ಒಂದು ಮಾತಿನಲ್ಲಿ ಮುಗಿಯುತ್ತದೆ. ತರಕಾರಿಯದು ಮುಗಿಯುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವಳು. ಸಂತೆಗೆ ಹೋದರೂ ನೋಟ್‌ಬುಕ್ ಜೊತೆಗಿರುತ್ತದೆ. ನಿಮಗೆ ಅಷ್ಟು ಬೇಕಿಲ್ಲದಿದ್ದರೆ ನೋಟ್‌ಬುಕ್ ಬಿಡಿ, ಉಳಿದದ್ದು ಓದಿ.

ಹುಡುಕುವುದು

ವಸತಿಯ ಆಫೀಸಿನಲ್ಲಿ ಕೇಳಿದರೆ ಸೂಪರ್‌ಮಾರ್ಕೆಟ್ಟಿನ ಹೆಸರು ಹೇಳುತ್ತಾರೆ. ಅವರ ತಪ್ಪಲ್ಲ, ಅವರೇ ಅಲ್ಲಿ ಕೊಳ್ಳುತ್ತಾರೆ. ಕೇಳಬೇಕಾದವರು ಬೇರೆ. ಮಹಡಿ ಗುಡಿಸಲು ಬರುವ ಹೆಂಗಸರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ವಾಚ್‌ಮನ್, ಅಡುಗೆಮನೆಗೆ ತರಕಾರಿ ಹೆಚ್ಚುವವರು. ಇವರು ಹಳ್ಳಿಗಳಿಂದ ಬರುತ್ತಾರೆ, ಸಂಬಳ ಎಣಿಸಿ ಖರ್ಚು ಮಾಡುತ್ತಾರೆ, ಯಾವ ಸಂತೆ ಯಾವ ವಾರ ಎಂದು ಗೊತ್ತಿರುತ್ತದೆ. ನನಗೆ ದಾರಿ ತೋರಿಸಿದ್ದು ನಮ್ಮ ಮಹಡಿ ಗುಡಿಸುವ ಹುಡುಗಿ. "ಪಾಟಿ, ಉಳವರ್ ಸಂದೈ ಪೋಂಗ" ಎಂದಳು. ಅಜ್ಜಿ, ಉಳವರ್ ಸಂದೈಗೆ ಹೋಗಿ ಅಂತ.

ಸಂದೈ ಅಂದರೆ ಸಂತೆ. ಉಳವರ್ ಅಂದರೆ ಉಳುವವರು. ಉಳುವವರ ಸಂತೆ! ತಮಿಳು ಬಾರದವರಿಗೂ ಈ ಹೆಸರು ಅರ್ಥವಾಗುತ್ತದೆ ಅಲ್ವಾ?

ಇದು ತಮಿಳುನಾಡು ಸರ್ಕಾರ ನಡೆಸುವ ರೈತರ ಸಂತೆ. ಮೊದಲನೆಯದು 1999ರ ನವೆಂಬರ್ 14ರಂದು ಮಧುರೈಯ ಅಣ್ಣಾನಗರದಲ್ಲಿ ಶುರುವಾಯಿತು. ಆಗ ಕರುಣಾನಿಧಿ ಮುಖ್ಯಮಂತ್ರಿ. ಅದೇ ವರ್ಷ ಜನವರಿಯಲ್ಲಿ ಆಂಧ್ರದಲ್ಲಿ ರೈತು ಬಜಾರ್ ಶುರುವಾಗಿತ್ತು. ಹೈದರಾಬಾದಿನಲ್ಲಿ ನೆಲೆಸಿರುವ ನನ್ನ ನಾದಿನಿ ಎರ್ರಗಡ್ಡದ ರೈತು ಬಜಾರನ್ನು ನಮ್ಮ ಸಂದೈಗಿಂತ ಮೇಲು ಎನ್ನುತ್ತಾಳೆ. ಆ ವಾದ ಫೋನಿನಲ್ಲಿ ಇನ್ನೂ ನಡೆಯುತ್ತಲೇ ಇದೆ. ಎರಡರ ಒಳಗಿನ ಯೋಚನೆ ಒಂದೇ. ಬೆಳೆದವನೇ ಬಂದು ಮಾರಬೇಕು, ನಡುವೆ ದಲ್ಲಾಳಿ ಇರಬಾರದು. ರೈತನ ಹೊಲ, ದಾಖಲೆ ನೋಡಿ ಫೋಟೊ ಇರುವ ಗುರುತಿನ ಚೀಟಿ ಕೊಡುತ್ತಾರೆ. ಕೂರುವ ಜಾಗಕ್ಕೆ ಬಾಡಿಗೆ ಇಲ್ಲ, ತಕ್ಕಡಿಯನ್ನೂ ಅಲ್ಲೇ ಕೊಡುತ್ತಾರೆ. ಬಾಗಿಲಲ್ಲೇ ಬೋರ್ಡು, ಅದರ ಮೇಲೆ ಆ ದಿನದ ದರ. ಸಗಟು ದರಕ್ಕಿಂತ ಸ್ವಲ್ಪ ಜಾಸ್ತಿ, ಚಿಲ್ಲರೆ ಅಂಗಡಿಗಿಂತ ಕಡಿಮೆ. ರೈತನಿಗೂ ಗಿಟ್ಟಬೇಕು, ನಮಗೂ ಗಿಟ್ಟಬೇಕು.

ಕೊಯಮತ್ತೂರಿನಲ್ಲಿ ಇಂಥವು ಒಂದಲ್ಲ. ನಮಗೆ ಹತ್ತಿರದ್ದು ವಡವಳ್ಳಿಯದು. ಊರೊಳಗೆ ಆರ್.ಎಸ್. ಪುರಂನಲ್ಲಿ ಇದೆ. ಪೂರ್ವದ ಕಡೆಯವರಿಗೆ ಸಿಂಗಾನಲ್ಲೂರಿನದು. ಈ ಹೆಸರು ಕೇಳಿ ನಾನು ಮೊದಲು ಬೆಚ್ಚಿದ್ದೆ. ನಮ್ಮ ರಾಜ್‌ಕುಮಾರ್ ಹೆಸರಿನ ಮುಂದೆ ಬರುವ ಸಿಂಗಾನಲ್ಲೂರು ಬೇರೆ, ಇದು ಬೇರೆ. ದಕ್ಷಿಣಕ್ಕೆ ಸುಂದರಾಪುರಂನಲ್ಲಿ ಇನ್ನೊಂದು. ಮ್ಯಾಪಿನಲ್ಲಿ ಹುಡುಕುವಾಗ ಇಂಗ್ಲಿಷಿನಲ್ಲಿ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ಸರಿಯಾಗಿ ಸಿಗುವುದಿಲ್ಲ. ಮಗಳ ಹತ್ತಿರ ತಮಿಳಿನಲ್ಲೇ ಟೈಪ್ ಮಾಡಿಸಿ ಫೋನಿನಲ್ಲಿ ಉಳಿಸಿಕೊಂಡೆ. ಆಟೊದವರಿಗೆ ತೋರಿಸಲೂ ಅದೇ ಅನುಕೂಲ.

ಉಳಿದ ಜಾಗಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೇಟ್ಟುಪಾಳಯಂ ರಸ್ತೆಯ ಎಂಜಿಆರ್ ಮಾರುಕಟ್ಟೆ ಸಗಟಿನದು. ಮೂಟೆ, ಲಾರಿ, ಕೂಗಾಟ, ಕಾಲ ಕೆಳಗೆ ಕೋಸಿನ ಎಲೆ. ಮಂಡಿನೋವಿನವರು ಅಲ್ಲಿ ಕಾಲಿಡಬೇಡಿ. ಅದೇ ರಸ್ತೆಯ ಅಣ್ಣಾ ಮಾರುಕಟ್ಟೆ ಚಿಲ್ಲರೆಯದು, ಎಲ್ಲ ಸಿಗುತ್ತದೆ, ಆದರೆ ಮಾರುವವರು ವ್ಯಾಪಾರಿಗಳು. ಹೂವಿಗೆ ಪೂ ಮಾರ್ಕೆಟ್. ಹಳ್ಳಿಗಳ ವಾರದ ಸಂತೆಗಳೂ ಇವೆ. ಅವು ಸಂಜೆ ರಂಗೇರುತ್ತವೆ, ಕತ್ತಲಾದ ಮೇಲೆ ನಮ್ಮಂಥವರಿಗೆ ವಾಪಸು ಬಸ್ಸು ಕಷ್ಟ.

ಹೆಂಗಸರಿಗೆ ಒಂದು ಅನುಕೂಲ ಹೇಳದೆ ಬಿಡಬಾರದು. 2021ರ ಮೇಯಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ನನ್ನ ಸಂತೆ ಪ್ರಯಾಣದ ಖರ್ಚು ಸೊನ್ನೆ. ನಮ್ಮನೆಯವರು ಜೊತೆಗೆ ಬಂದರೆ ಅವರಿಗೆ ಟಿಕೆಟ್. "ನಾನು ಬರದಿದ್ದರೆ ಉಳಿತಾಯ" ಎನ್ನುವುದು ಅವರಿಗೆ ಸಿಕ್ಕ ಒಳ್ಳೆಯ ನೆಪ.

ಮಾರುವವರು ಬೆಳೆದವರೇ?

ನಮ್ಮ ವಸತಿಯೊಳಕ್ಕೆ ಪ್ರತಿ ಭಾನುವಾರ ಒಂದು ತರಕಾರಿ ಗಾಡಿ ಬರುತ್ತಿತ್ತು. ಗಾಡಿಯ ಮೇಲೆ ಹಸಿರು ಎಲೆಯ ಚಿತ್ರ. ನೇರ ಹೊಲದಿಂದ, ಸಾವಯವ ಎಂದು ಬರೆದಿತ್ತು. ಎಂಟು ತಿಂಗಳು ಅಲ್ಲೇ ಕೊಂಡೆವು. ಒಂದು ದಿನ ಬೆಳಗಿನ ಜಾವ ರೈಲು ಹಿಡಿಯಲು ಹೊರಟಿದ್ದೆ. ಸಗಟು ಮಾರುಕಟ್ಟೆಯ ಬಾಗಿಲಲ್ಲಿ ಅದೇ ಎಲೆ, ಅದೇ ಗಾಡಿ, ಮೂಟೆ ತುಂಬಿಸಿಕೊಳ್ಳುತ್ತಿದೆ. ಸಿಟ್ಟು ಬಂದದ್ದು ಅವನ ಮೇಲಲ್ಲ, ನನ್ನ ಮೇಲೆ. ಒಂದೇ ಗಾಡಿಯಲ್ಲಿ ಊಟಿ ಕ್ಯಾರೆಟ್ಟು, ನಾಸಿಕ್ ಈರುಳ್ಳಿ, ಸ್ಟಿಕ್ಕರ್ ಅಂಟಿಸಿದ ಸೇಬು. ಯಾವ ಹೊಲದಲ್ಲಿ ಇವೆಲ್ಲ ಒಟ್ಟಿಗೆ ಬೆಳೆಯುತ್ತವೆ? ಮೂವತ್ತೊಂದು ವರ್ಷ ವೋಚರ್ ನೋಡಿದ ಕಣ್ಣಿಗೆ ಇದು ಕಾಣಲಿಲ್ಲವಲ್ಲ.

ಅಂದಿನಿಂದ ನಾನು ನೋಡುವುದು ಇಷ್ಟು. ಬೆಳೆದವರ ಮುಂದೆ ಮೂರು ನಾಲ್ಕು ಬಗೆಗಿಂತ ಜಾಸ್ತಿ ಇರುವುದಿಲ್ಲ. ಕಾಯಿ ಒಂದೇ ಅಳತೆಯದಾಗಿರುವುದಿಲ್ಲ. ಬೆಂಡೆಯಲ್ಲಿ ಎಳೆಯದು, ಬಲಿತದ್ದು ಎರಡೂ ಇರುತ್ತವೆ, ಸೊಪ್ಪಿನ ಬೇರಿನಲ್ಲಿ ಮಣ್ಣು ಇನ್ನೂ ಹಸಿ ಇರುತ್ತದೆ. ಆಮೇಲೆ ಮೂರು ಪ್ರಶ್ನೆ. ಯಾವ ಊರು? ಯಾವಾಗ ಕಿತ್ತದ್ದು? ಮುಂದಿನ ವಾರ ಏನು ತರ್ತೀರಿ? ಮೂರನೆಯದು ಮುಖ್ಯ. ವ್ಯಾಪಾರಿ "ಎಲ್ಲಾ ಇರುತ್ತೆ ಅಮ್ಮಾ" ಎನ್ನುತ್ತಾನೆ. ಬೆಳೆದವನು "ಬದನೆ ಇನ್ನೊಂದು ಕೊಯ್ಲು ಅಷ್ಟೇ, ಆಮೇಲೆ ಹೀರೆ ಬರುತ್ತೆ" ಎನ್ನುತ್ತಾನೆ.

ನನ್ನ ಸೊಪ್ಪಿನ ಅಕ್ಕ ಹಾಗೇ ಸಿಕ್ಕಿದ್ದು. "ಎಂದ ಊರುಂಗ?" ಎಂದು ಕೇಳಿದೆ. "ನರಸೀಪುರಂ" ಎಂದಳು. ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ! ಅವಳ ನರಸೀಪುರಂ ತೊಂಡಾಮುತ್ತೂರಿನ ಆಚೆ, ಬೆಟ್ಟದ ಬುಡದಲ್ಲಿ. ನನ್ನದು ಕಾವೇರಿ ಕಬಿನಿ ಕೂಡುವ ಕಡೆ. ಆ ದಿನ ಸೊಪ್ಪಿನ ಕಟ್ಟಿನ ಜೊತೆ ಒಂದು ಹಿಡಿ ಕರಿಬೇವು ಪುಕ್ಕಟೆ ಬಂತು. ಆಮೇಲೆ ಒಂದು ವಾರ ಅವಳು ಬರಲಿಲ್ಲ. ಮುಂದಿನ ವಾರ ಕೇಳಿದರೆ, ಬಾಳೆತೋಟಕ್ಕೆ ಆನೆ ನುಗ್ಗಿತ್ತಂತೆ. ಬೆಟ್ಟದ ಅಂಚಿನ ಹಳ್ಳಿಗಳಲ್ಲಿ ಇದು ಇದ್ದದ್ದೇ. ಅವಳ ಜಾಗ ಖಾಲಿ ಇದ್ದ ದಿನ ನಾನು ಸುಮ್ನೆ ಗೊಣಗಿಕೊಂಡು ಬಂದಿದ್ದೆ.

ಸಂದೈಯೊಳಗೆ ಎಲ್ಲರೂ ರೈತರೇ ಎಂದು ಕಣ್ಣು ಮುಚ್ಚಿ ನಂಬಬೇಡಿ. ಚೀಟಿ ಒಬ್ಬರದು, ಕೂತವರು ಇನ್ನೊಬ್ಬರು ಆಗಿರಬಹುದು. ಬೋರ್ಡಿನ ದರಕ್ಕಿಂತ ಜಾಸ್ತಿ ಕೇಳಿದರೆ ಅಲ್ಲೇ ಒಳಗೆ ಆಫೀಸಿದೆ, ಹೋಗಿ ಹೇಳಬಹುದು. ನಾನು ಒಳಗೆ ಹೋಗುವ ಮೊದಲು ಬೋರ್ಡಿನ ಫೋಟೊ ತೆಗೆದುಕೊಳ್ಳುತ್ತೇನೆ. ಜಗಳಕ್ಕಲ್ಲ, ನೆನಪಿಗೆ.

ಸಾವಯವದ ವಿಚಾರಕ್ಕೆ ಬಂದರೆ, ಹಸಿರು ಎಲೆಯ ಚಿತ್ರ ಯಾರು ಬೇಕಾದರೂ ಬರೆಸಬಹುದು. ಪೊಟ್ಟಣದಲ್ಲಿ ಸಾವಯವ ಎಂದು ಮಾರುವುದಾದರೆ ಸರ್ಕಾರದ ಜೈವಿಕ್ ಭಾರತ್ ಗುರುತು ಹುಡುಕಿ. ರೈತರು ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ನೋಡಿ ಒಪ್ಪುವ ಪಿಜಿಎಸ್ ಎನ್ನುವ ಪದ್ಧತಿಯೂ ಇದೆ. ಅದರಲ್ಲಿ ಪಿಜಿಎಸ್ ಗ್ರೀನ್ ಎಂದರೆ ಸಾವಯವಕ್ಕೆ ಇನ್ನೂ ಬದಲಾಗುತ್ತಿರುವ ಹೊಲ, ಪಿಜಿಎಸ್ ಆರ್ಗ್ಯಾನಿಕ್ ಎಂದರೆ ಪೂರ್ತಿ ಬದಲಾದದ್ದು. ಹೆಸರು ಕೇಳಿದರೆ ತಿರುಗುಮುರುಗು ಅನಿಸುತ್ತದೆ, ನಾನೂ ಎಡವಿದ್ದೆ. ಇನ್ನೊಂದು ಮಾತು. ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ರೈತ ನೇರವಾಗಿ ನಮಗೇ ಮಾರುವಾಗ ಈ ಸರ್ಟಿಫಿಕೇಟಿನ ಕಡ್ಡಾಯವಿಲ್ಲ. ಆದ್ದರಿಂದ ಸೊಪ್ಪಿನ ಅಕ್ಕನ ಹತ್ತಿರ ಕಾಗದ ಕೇಳುವುದಕ್ಕಿಂತ "ಹುಳಕ್ಕೆ ಏನು ಹೊಡೀತೀರಿ?" ಎಂದು ಕೇಳುವುದು ಲೇಸು. ಅವಳು ಬದನೆಗೆ ಔಷಧಿ ಹೊಡೆಯುತ್ತೇವೆ, ಸೊಪ್ಪಿಗೆ ಇಲ್ಲ ಎಂದು ನೇರ ಹೇಳಿದಳು. ನಾನು ಅವಳಿಂದ ಸೊಪ್ಪು ಮಾತ್ರ ಕೊಳ್ಳುತ್ತೇನೆ.

ನೋಟ್‌ಬುಕ್ಕಿನ ಲೆಕ್ಕ

ಹೋಲಿಸುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಇಲ್ಲಿ ಟೊಮೆಟೊ ಮೂವತ್ತು, ಅಲ್ಲಿ ಮೂವತ್ತೆಂಟು, ಹಾಗಾದರೆ ಇಲ್ಲೇ ಸೋವಿ ಎನ್ನುವುದು. ನಾಲ್ಕು ಮಕ್ಕಳ ಮನೆಗೆ ಆ ಲೆಕ್ಕ ಸರಿ. ನಾವು ಮಧ್ಯಾಹ್ನ ವಸತಿಯ ಊಟದ ಹಾಲ್‌ನಲ್ಲಿ ಉಣ್ಣುತ್ತೇವೆ, ರಾತ್ರಿ ಮಾತ್ರ ಮನೆಯ ಒಲೆ. ನಮಗೆ ಬೇಕಾದ್ದು ಪಾತ್ರೆಗೆ ಬಿದ್ದ ತರಕಾರಿಯ ಬೆಲೆ. ಫ್ರಿಜ್ಜಿನಲ್ಲಿ ಕೊಳೆತು ಹೊರಗೆ ಹೋದದ್ದಕ್ಕೂ ದುಡ್ಡು ಕೊಟ್ಟಿರುತ್ತೇವಲ್ಲ.

ಹೀಗೆ ಮಾಡಿ. ಮನೆಯಲ್ಲಿ ಯಾವಾಗಲೂ ಬೇಕಾಗುವ ಐದು ಪದಾರ್ಥ ಆರಿಸಿಕೊಳ್ಳಿ. ನನ್ನ ಐದು: ಬೆಂಡೆ ಅರ್ಧ ಕೆಜಿ, ಟೊಮೆಟೊ ಒಂದು ಕೆಜಿ, ಸಾಂಬಾರ್ ಈರುಳ್ಳಿ ಅರ್ಧ ಕೆಜಿ, ಬೀನ್ಸ್ ಕಾಲು ಕೆಜಿ, ದಂಟಿನ ಸೊಪ್ಪು ಎರಡು ಕಟ್ಟು. ಒಂದೇ ವಾರದಲ್ಲಿ ಎರಡು ಮೂರು ಕಡೆ ಇದೇ ಐದನ್ನು ಕೊಳ್ಳಿ. ಮನೆಗೆ ತಂದು ಸೋಸಿದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ.

ಒಂದು ಏಪ್ರಿಲ್ ವಾರದ ನನ್ನ ಪುಟ ಇದು. ವಡವಳ್ಳಿಯ ಸಂದೈಯಲ್ಲಿ ಐದಕ್ಕೂ ಸೇರಿ 130 ರೂಪಾಯಿ. ಬಾಗಿಲಿಗೆ ಬರುವ ಗಾಡಿಯಲ್ಲಿ 171. ಬೆಂಡೆಯೊಂದನ್ನೇ ನೋಡಿದರೆ, ಸಂದೈಯಲ್ಲಿ ಅರ್ಧ ಕೆಜಿಗೆ 26, ಅದರಲ್ಲಿ ಬಿಸಾಡಿದ್ದು 30 ಗ್ರಾಂ. ಗಾಡಿಯಲ್ಲಿ 35, ಬಲಿತು ನಾರಾಗಿದ್ದನ್ನು ಬಿಸಾಡಿದ್ದು 90 ಗ್ರಾಂ. ಪಾತ್ರೆಗೆ ಬಿದ್ದ ಬೆಂಡೆಯ ಬೆಲೆ ಕೆಜಿಗೆ ಸಂದೈಯದು 55, ಗಾಡಿಯದು 85. ಅಂಗಡಿಯಲ್ಲಿ ಕಂಡ ಅಂತರಕ್ಕಿಂತ ಅಡುಗೆಮನೆಯಲ್ಲಿ ಕಂಡ ಅಂತರ ದೊಡ್ಡದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಸುಳ್ಳು ಲೆಕ್ಕ. ನಿಮಗೆ ಬಸ್ಸು ಹತ್ತಲು ಆಗದೆ ಆಟೊ ಹಿಡಿದರೆ ಹೋಗಿಬರಲು 80. ಆಗ ಸಂದೈಯ 130 ಹೋಗಿ 210 ಆಯಿತು. ಗಾಡಿಯೇ ಸೋವಿ. ಅದೇ ಆಟೊದಲ್ಲಿ ಮಹಡಿಯ ನಾಲ್ಕು ಜನ ಸೇರಿ ಹೋದರೆ ತಲೆಗೆ 20, ಒಟ್ಟು 150. ಮತ್ತೆ ಸಂದೈ ಗೆದ್ದಿತು. ನಮ್ಮ ಮಹಡಿಯಲ್ಲಿ ಒಬ್ಬರು ಪಾಲಕ್ಕಾಡಿನವರು, ಒಬ್ಬರು ಗುಜರಾತಿ, ಒಬ್ಬರು ತಂಜಾವೂರಿನವರು. ಗುರುವಾರ ಬೆಳಿಗ್ಗೆ ಆರೂವರೆಗೆ ಲಿಫ್ಟಿನ ಮುಂದೆ ನಾಲ್ಕು ಚೀಲ ನಿಲ್ಲುತ್ತವೆ. ಹಂಚಿಕೊಳ್ಳುವುದಕ್ಕೂ ಇದೇ ಗುಂಪು. ಇಡೀ ಸಿಹಿಗುಂಬಳ, ಒಂದು ಗೊನೆ ಬಾಳೆ, ಒಂದು ಹೂಕೋಸು ಈಗ ಯಾರೂ ಒಬ್ಬರೇ ಕೊಳ್ಳುವುದಿಲ್ಲ.

ಬಾಳೆಹಣ್ಣಿನ ವಿಷಯದಲ್ಲಿ ಮಾತ್ರ ನನ್ನ ತೀರ್ಪಿಗೆ ಯಾರೂ ಒಪ್ಪುವುದಿಲ್ಲ. ಇಲ್ಲಿಯ ರಸ್ತಾಳಿಯೂ ನಮ್ಮ ನಂಜನಗೂಡು ರಸಬಾಳೆಯೂ ಒಂದೇ ಜಾತಿಯವು. ಆದರೂ ನಂಜನಗೂಡಿನದು ಬೇರೆಯೇ. ತೋಟ ಸೊರಗುರೋಗಕ್ಕೆ ಸಿಕ್ಕಿ ಅದು ಈಗ ಅಲ್ಲೇ ಅಪರೂಪ, ಇಲ್ಲಿ ಎಲ್ಲಿಂದ ಬರಬೇಕು. ದಿನಕ್ಕೊಂದು ತಿನ್ನಲು ಪೂವನ್ ತರುತ್ತೇನೆ, ಚಿಕ್ಕದು, ನಮ್ಮನೆಯವರ ಸಕ್ಕರೆಗೂ ಅಷ್ಟೇ ಸಾಕು.

ಒಂದೇ ವಾರದ ದರ ನೋಡಿ ತೀರ್ಮಾನ ಮಾಡಬೇಡಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಇಲ್ಲಿ ಪುರಟ್ಟಾಸಿ ತಿಂಗಳು. ತುಂಬ ಜನ ಮಾಂಸ ಬಿಡುತ್ತಾರೆ, ತರಕಾರಿ ದರ ಏರುತ್ತದೆ. ಪೊಂಗಲ್ಲಿನ ಹಿಂದಿನ ವಾರವೂ ಹಾಗೇ. 2023ರ ಜುಲೈನಲ್ಲಿ ಟೊಮೆಟೊ ಎಲ್ಲ ಕಡೆ ನೂರು ದಾಟಿತ್ತು, ಆ ಪುಟದಿಂದ ಯಾವ ಸಂತೆಯ ಯೋಗ್ಯತೆಯೂ ತಿಳಿಯುವುದಿಲ್ಲ. ಒಂದು ಜಾಗವನ್ನು ಅಳೆಯಲು ನಾನು ಆರು ವಾರ ತೆಗೆದುಕೊಂಡೆ.

ತೂಕದ ಬಗ್ಗೆ ಅನುಮಾನ ಬಂದರೆ ಜಗಳ ಬೇಡ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಆಗಿ ಮುದ್ರೆ ಬೀಳಬೇಕು. ಅದನ್ನು ನೋಡಬಹುದು. ನಮ್ಮ ತಂಜಾವೂರಿನ ಮಾಮಿಯ ಉಪಾಯ ಇದಕ್ಕಿಂತ ಸುಲಭ. ಚೀಲದಲ್ಲಿ ಒಡೆಯದ ಒಂದು ಕೆಜಿ ಉಪ್ಪಿನ ಪೊಟ್ಟಣ ಇರುತ್ತದೆ. "ಈ ಚೀಲ ಎಷ್ಟು ಭಾರ ಆಯ್ತು ನೋಡಪ್ಪಾ" ಎಂದು ಆ ಪೊಟ್ಟಣ ತಕ್ಕಡಿಗಿಡುತ್ತಾರೆ. ಒಂದು ಕೆಜಿ ಮೇಲೆ ಕವರಿನ ಕೆಲವು ಗ್ರಾಂ ತೋರಿಸಿದರೆ ಸರಿ. ಒಂದು ಸಾವಿರದ ಎಂಬತ್ತು ತೋರಿಸಿದರೆ ಮಾಮಿ ನಗುತ್ತಾ ಪಕ್ಕದ ಅಂಗಡಿಗೆ ಹೋಗುತ್ತಾರೆ.

ದುಡ್ಡಲ್ಲದ ಲೆಕ್ಕವೂ ನೋಟ್‌ಬುಕ್ಕಿನಲ್ಲಿದೆ. ಎಷ್ಟು ಮೆಟ್ಟಿಲು? ನೆಲ ಒದ್ದೆಯೇ? ಕೂರಲು ಕಟ್ಟೆ ಇದೆಯೇ? ಶೌಚಾಲಯ ಹೋಗುವ ಹಾಗಿದೆಯೇ? ಬಸ್ ಇಳಿದು ಎಷ್ಟು ಹೆಜ್ಜೆ? ಆರ್.ಎಸ್. ಪುರಂನಲ್ಲಿ ಬಗೆಗಳು ಜಾಸ್ತಿ, ಆದರೆ ನನಗೆ ಬಸ್ಸು ಬದಲಿಸಬೇಕು. ಹಾಗಾಗಿ ತಿಂಗಳಿಗೊಮ್ಮೆ. ಕಾಲು ಕೆಜಿ ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತಾರೆಯೇ ಎನ್ನುವುದಕ್ಕೆ ನಾನು ಎರಡು ಗುರುತು ಜಾಸ್ತಿ ಹಾಕುತ್ತೇನೆ. ಒಬ್ಬಳು "ನೂರು ಗ್ರಾಂ ಬೇಕಾದರೂ ತಗೊಳ್ಳಿ, ದಿನಾ ಬನ್ನಿ" ಎಂದಳು. ನಾಲ್ಕು ಕೆಜಿಗಿಂತ ಜಾಸ್ತಿ ಹೊರಬೇಡಿ. ಚಕ್ರದ ಚೀಲ ಫುಟ್‌ಪಾತಿನಲ್ಲಿ ಚೆನ್ನ, ಬಸ್ಸಿನಲ್ಲಿ ತಾಪತ್ರಯ. ಎರಡು ಹೆಗಲಿಗೂ ಹಂಚುವ ಬೆನ್ನಚೀಲ ನನಗೆ ಸರಿಹೋಯಿತು, ಮೊಮ್ಮಗನ ಹಳೆಯ ಸ್ಕೂಲ್ ಬ್ಯಾಗು.

ಹೊತ್ತು ನೋಡಿ ಹೋಗಿ. ಸೊಪ್ಪು ಬೇಕಿದ್ದರೆ ಏಳರೊಳಗೆ. ಟೊಮೆಟೊ, ಈರುಳ್ಳಿ, ಗೆಡ್ಡೆ ಸಾಕಾದರೆ ಹತ್ತರ ಮೇಲೆ ಹೋಗಬಹುದು. ಊರಿನ ಬಸ್ಸು ಹಿಡಿಯುವ ಅವಸರದಲ್ಲಿ ಉಳಿದದ್ದನ್ನು ಕಡಿಮೆಗೆ ಕೊಡುತ್ತಾರೆ. ಮಧ್ಯಾಹ್ನಕ್ಕೆ ಅಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರುವುದಿಲ್ಲ.

ಸೊಪ್ಪು ಅಗ್ಗಕ್ಕೆ ಸಿಕ್ಕಿತೆಂದು ಒಮ್ಮೆಲೇ ದಿನವೂ ತಿನ್ನಲು ಶುರು ಮಾಡಬೇಡಿ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಸೊಪ್ಪಿನ ಪ್ರಮಾಣ ಥಟ್ಟನೆ ಹೆಚ್ಚು ಕಡಿಮೆ ಆದರೆ ಔಷಧಿಯ ಕೆಲಸ ಏರುಪೇರಾಗುತ್ತದೆ. ಕಿಡ್ನಿ ತೊಂದರೆ ಇರುವವರು ಎಳನೀರು, ಬಾಳೆಹಣ್ಣಿನ ಬಗ್ಗೆ ಡಾಕ್ಟರನ್ನು ಕೇಳಿಯೇ ಚೀಲಕ್ಕೆ ಹಾಕಿ.

ನಡೆಯಲಾಗದವರಿಗಾಗಿ ಸೊಪ್ಪಿನ ಅಕ್ಕನನ್ನು ವಸತಿಗೇ ಕರೆಸಿದೆವು. ಮೊದಲ ಮಂಗಳವಾರ ಅವಳು ಬಂದು ಕಾದಳು. ಕೆಳಗಿಳಿದು ಬಂದವರು ಆರೇ ಜನ. ಅರ್ಧ ಸೊಪ್ಪು ಬಾಡಿತು. ನನಗೆ ಮುಖ ತೋರಿಸಲು ನಾಚಿಕೆ. ಆಮೇಲೆ ಹಿಂದಿನ ರಾತ್ರಿ ಎಂಟರೊಳಗೆ ವಾಟ್ಸಾಪಿನಲ್ಲಿ ಯಾರಿಗೆ ಎಷ್ಟು ಕಟ್ಟು ಎಂದು ಬರೆಯಿಸಿ, ಒಟ್ಟು ಸೇರಿಸಿ ಅವಳ ಮಗನಿಗೆ ಕಳಿಸುವುದು ಎಂದಾಯಿತು. ಬರೆದವರು ಕೊಳ್ಳದಿದ್ದರೂ ದುಡ್ಡು ಕೊಡಬೇಕು. ಈಗ ಇಪ್ಪತ್ತು ಮನೆ ಆಗಿದೆ. ಅಷ್ಟಾದರೆ ಮಾತ್ರ ಅವಳಿಗೆ ಬಂದುಹೋಗುವುದು ಗಿಟ್ಟುತ್ತದೆ. ನಿಮ್ಮಲ್ಲಿ ಶುರು ಮಾಡುವುದಾದರೆ ಮೊದಲು ಮನೆ ಎಣಿಸಿ, ಆಮೇಲೆ ರೈತರನ್ನು ಕರೆಯಿರಿ.

ಮಾತು

ಕನ್ನಡದವರು ಇಲ್ಲಿ ಎಡವುವುದು ಗೊತ್ತಿಲ್ಲದ ಹೆಸರುಗಳಲ್ಲಿ ಅಲ್ಲ, ಗೊತ್ತಿದೆ ಅನಿಸುವ ಹೆಸರುಗಳಲ್ಲಿ. ಪರಂಗಿಯ ಕಥೆ ಹೇಳಿದೆ. ಬೆಂಡೆ ವೆಂಡೈಕ್ಕಾಯ್, ಹಾಗಲ ಪಾವಕ್ಕಾಯ್, ಹೀರೆ ಪೀರ್ಕಂಗಾಯ್, ಪಡವಲ ಪುಡಲಂಗಾಯ್. ಇವು ಕಿವಿಗೆ ಬೇಗ ಹೊಂದುತ್ತವೆ. ಬದನೆ ಕತ್ತರಿಕ್ಕಾಯ್, ಟೊಮೆಟೊ ತಕ್ಕಾಳಿ, ಗೋರಿಕಾಯಿ ಕೊತ್ತವರೈ, ಸುವರ್ಣಗೆಡ್ಡೆ ಸೇನೈಕಿಳಂಗು, ಬಾಳೆದಿಂಡು ವಾಳೈತ್ತಂಡು. ಸೊಪ್ಪಿಗೆಲ್ಲ ಕೀರೈ. ಸಾಂಬಾರ್ ಈರುಳ್ಳಿ ಚಿನ್ನ ವೆಂಗಾಯಂ, ಇಲ್ಲಿ ಚಿನ್ನ ಎಂದರೆ ಚಿಕ್ಕದು. ದರ ನೋಡಿದರೆ ಕೆಲವು ತಿಂಗಳು ನಮ್ಮ ಅರ್ಥವೂ ಸರಿಯೇ. ಕಾಲು ಕೆಜಿಗೆ ಕಾಲ್ ಕಿಲೋ, ಕಟ್ಟಿಗೆ ಕಟ್ಟು. "ಎಪ್ಪೋ ಪರಿಚ್ಚದು?" ಎಂದರೆ ಯಾವಾಗ ಕಿತ್ತದ್ದು. ಮಾತಿನ ಕೊನೆಗೆ ಒಂದು "ಂಗ" ಸೇರಿಸಿದರೆ ಕೊಂಗುನಾಡಿನ, ಅಂದರೆ ಈ ಕೊಯಮತ್ತೂರು ಸೀಮೆಯ, ಮರ್ಯಾದೆ ಬಂತು. ಇಲ್ಲಿಯವರು ಕರೆಯುವಾಗ "ಏನುಂಗ" ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಯಾರೋ ಕನ್ನಡದವರು "ಏನು" ಅಂದರೆಂದು ತಿರುಗಿ ನೋಡಿದ್ದೆ.

ಕನ್ನಡ ನಿಜವಾಗಿ ಕೇಳಿಸಿದ್ದು ಕ್ಯಾರೆಟ್ ಬುಟ್ಟಿಯ ಹಿಂದಿನಿಂದ. ನೀಲಗಿರಿಯ ಬಡಗ ಹೆಂಗಸೊಬ್ಬರು, ಬಿಳಿ ಬಟ್ಟೆ ಹೊದ್ದವರು. ಬಡಗ ಮಾತು ಕನ್ನಡಕ್ಕೆ ತೀರಾ ಹತ್ತಿರ. ಹಾಲು, ಹಣ್ಣು ಎಂದು ನಮ್ಮ ಹಾಗೇ ಹಕಾರದಲ್ಲಿ ಹೇಳುತ್ತಾರೆ. ಅವರು ಅವರದರಲ್ಲಿ, ನಾನು ನನ್ನದರಲ್ಲಿ ಹತ್ತು ನಿಮಿಷ ಮಾತಾಡಿದೆವು. ಎಲ್ಲ ಅರ್ಥವಾಯಿತು ಎನ್ನಲಾರೆ. ಕ್ಯಾರೆಟ್ ಮಾತ್ರ ಸಿಹಿ ಇತ್ತು.

ಇನ್ನೊಂದು ಮೋಸದ ಹೆಸರು ಅವರೈಕ್ಕಾಯ್. ಡಿಸೆಂಬರ್ ಬಂತು, ಮೂಗು ಸೊಗಡು ಹುಡುಕತೊಡಗಿತು. "ಅವರೈಕ್ಕಾಯ್ ಇರುಕ್ಕಾ?" ಎಂದೆ. ಚಪ್ಪರದವರೆ ಕೊಟ್ಟರು. ಸಿಪ್ಪೆ ಸಮೇತ ಪಲ್ಯ ಮಾಡುವಂಥದ್ದು. ಕಾಳಿನ ಅವರೆಗೆ ಇಲ್ಲಿ ಮೊಚ್ಚೈ ಎನ್ನಬೇಕು. ಸೊಪ್ಪಿನ ಅಕ್ಕ ಪಕ್ಕದವರ ಹೊಲದಿಂದ ಒಂದು ಚೀಲ ಮೊಚ್ಚೈ ತಂದುಕೊಟ್ಟಳು. ಸುಲಿದೆವು, ಹಿದುಕಿದೆವು, ಸಾರು ಮಾಡಿದೆವು. ನಮ್ಮನೆಯವರು ಒಂದು ತುತ್ತು ಬಾಯಿಗಿಟ್ಟು, "ಚೆನ್ನಾಗಿದೆ. ಅವರೆಕಾಯಿ ಯಾವಾಗ ತರ್ತೀಯ?" ಎಂದು ಕೇಳಿದರು. ನೋಟ್‌ಬುಕ್ಕಿನಲ್ಲಿ ಅದೊಂದು ಸಾಲು ಈಗಲೂ ಖಾಲಿ ಇದೆ. ಜನವರಿಯಲ್ಲಿ ತಿ. ನರಸೀಪುರದ ತಮ್ಮ ಮೂರು ಕೆಜಿ ಸೊಗ್ಡವರೆಯನ್ನು ಮೈಸೂರಿನಿಂದ ಬರುವವರ ಕೈಯಲ್ಲಿ ಕಳಿಸುತ್ತಾನೆ. ಸತ್ಯಮಂಗಲದ ಘಾಟಿ ಇಳಿದು ಬರುವ ಹೊತ್ತಿಗೆ ಚೀಲ ಬೆವತಿರುತ್ತದೆ, ಬಂದವರ ಬಟ್ಟೆಯೆಲ್ಲ ಸೊಗಡು. ಅದರ ಖರ್ಚನ್ನು ನಾನು ಯಾವ ಪುಟದಲ್ಲೂ ಬರೆಯುವುದಿಲ್ಲ.